ಬುತ್ತಿ ನಮ್ಮದು, ನೀರು ಆ ಊರಿನದು

ಕಾಲೇಜಿನ ಲಿನಕ್ಸ್ ಲ್ಯಾಬಿಗೆ ಕ್ರಿಟಾ, ಫ್ರೀಕ್ಯಾಡ್, ಕೆಡೆನ್‌ಲೈವ್ ಬೇಕೆಂದು ಯಾರಾದರೂ ಕೇಳಿದರೆ ನಾನು ಮೊದಲು ಹುಡುಕುವುದು ಆ್ಯಪ್‌ಇಮೇಜನ್ನು. ಇನ್‌ಸ್ಟಾಲ್ ಮಾಡಬೇಕಿಲ್ಲ, ರೂಟ್ ಪಾಸ್‌ವರ್ಡ್ ಬೇಕಿಲ್ಲ. ಒಂದು ಫೈಲು, ಅದೇ ಆ್ಯಪ್. 2004ರಲ್ಲಿ ಸೈಮನ್ ಪೀಟರ್ 'ಕ್ಲಿಕ್' ಎಂದು ಶುರುಮಾಡಿದ ಯೋಜನೆಗೆ ಈಗಿನ ಹೆಸರು ಬಂದದ್ದು 2013ರಲ್ಲಿ. ಬಳಸುತ್ತಾ ಕಲಿತದ್ದು ಇಷ್ಟು:

1. ಎಲ್ಲವೂ ಒಳಗಿರುವುದಿಲ್ಲ. ಫೈಲಿನೊಳಗೆ ಸ್ಕ್ವಾಶ್‌ಎಫ್‌ಎಸ್ ರೂಪದಲ್ಲಿ ಒತ್ತಿಟ್ಟ ಆ್ಯಪ್ ಮತ್ತು ಅದರ ಲೈಬ್ರರಿಗಳು ಇರುತ್ತವೆ. ಕರ್ನೆಲ್, ಗ್ರಾಫಿಕ್ಸ್ ಡ್ರೈವರ್, ಸಾಮಾನ್ಯವಾಗಿ ಜಿಲಿಬ್‌ಸಿ ಕೂಡ, ಓಡಿಸುವ ಗಣಕದವೇ. ಬುತ್ತಿ ಕಟ್ಟಿಕೊಂಡು ಹೋದರೂ ಕುಡಿಯುವ ನೀರು ಆ ಊರಿನದೇ.

2. ಮೊದಲ ಸಲ ಟರ್ಮಿನಲ್‌ನಿಂದಲೇ ಓಡಿಸಿ. ಡಬಲ್ ಕ್ಲಿಕ್ ಮಾಡಿದಾಗ ಏನೂ ಆಗದಿದ್ದರೆ ಕಾರಣ ತಿಳಿಯುವುದು ಅಲ್ಲಿಯೇ. ಎಕ್ಸಿಕ್ಯೂಟ್ ಅನುಮತಿ ಕೊಡುವುದನ್ನು ಮರೆಯಬೇಡಿ. ಫ್ಯಾಟ್32 ಪೆನ್‌ಡ್ರೈವಿನಲ್ಲಿ ಆ ಅನುಮತಿ ಉಳಿಯುವುದಿಲ್ಲ. ಹೋಮ್ ಫೋಲ್ಡರಿಗೆ ಕಾಪಿ ಮಾಡಿಕೊಳ್ಳಿ.

3. ಫ್ಯೂಸ್ ಇದೆಯೇ ನೋಡಿ. ಒಳಗಿನ ಇಮೇಜನ್ನು ಮೌಂಟ್ ಮಾಡಲು ಹಳೆಯ ರನ್‌ಟೈಮಿಗೆ 'ಲಿಬ್‌ಫ್ಯೂಸ್2' ಬೇಕು. ಉಬುಂಟು 22.04ರಿಂದೀಚೆಗೆ ಅದು ತಾನಾಗಿ ಬರುವುದಿಲ್ಲ. ಹಾಗೆಂದು 22.04ರಲ್ಲಿ ಬರೀ 'ಫ್ಯೂಸ್' ಎಂಬ ಪ್ಯಾಕೇಜ್ ಹಾಕಲು ಹೋಗಬೇಡಿ; ಡೆಸ್ಕ್‌ಟಾಪಿಗೆ ಬೇಕಾದ ಬೇರೆ ಪ್ಯಾಕೇಜುಗಳನ್ನು ಅದು ಕಿತ್ತುಹಾಕಬಹುದು. ರೂಟ್ ಅಧಿಕಾರ ಇಲ್ಲದಿದ್ದರೆ 'ಆ್ಯಪ್‌ಇಮೇಜ್-ಎಕ್ಸ್‌ಟ್ರ್ಯಾಕ್ಟ್' ಆಯ್ಕೆ ಕೊಡಿ. 'ಸ್ಕ್ವಾಶ್‌ಎಫ್‌ಎಸ್-ರೂಟ್' ಫೋಲ್ಡರ್ ಬಿಚ್ಚಿಕೊಳ್ಳುತ್ತದೆ. ಅದರೊಳಗಿನ 'ಆ್ಯಪ್‌ರನ್' ಓಡಿಸಿದರಾಯಿತು.

4. ನೀವೇ ಕಟ್ಟುವುದಾದರೆ ಹಳೆಯ ಡಿಸ್ಟ್ರೋದಲ್ಲಿ ಕಟ್ಟಿ. ಹಳೆಯ ಜಿಲಿಬ್‌ಸಿಗೆ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ; ಹೊಸದಕ್ಕೆ ಕಟ್ಟಿದ್ದು ಹಳೆಯದರಲ್ಲಿ 'ಜಿಲಿಬ್‌ಸಿ ಸಿಗಲಿಲ್ಲ' ಎಂದು ನಿಂತುಬಿಡುತ್ತದೆ.

5. ಕನ್ನಡದಲ್ಲಿ ಟೈಪ್ ಮಾಡಿ ನೋಡದೆ ಒಪ್ಪಬೇಡಿ. ಅಕ್ಷರದ ಬದಲು ಚೌಕ ಕಂಡರೆ ಸಾಮಾನ್ಯವಾಗಿ ಗಣಕದಲ್ಲಿ ಫಾಂಟ್ ಇಲ್ಲವೆಂದರ್ಥ. ಉಬುಂಟುವಿನಲ್ಲಿ 'ಫಾಂಟ್ಸ್-ಕೆಎನ್‌ಡಿಎ' ಹಾಕಿ. ಉಳಿದೆಡೆ ಕನ್ನಡ ಮೂಡಿ ಇದೊಂದರಲ್ಲಿ ಮಾತ್ರ ಇಂಗ್ಲಿಷ್ ಬರುತ್ತಿದ್ದರೆ ದೋಷ ಬೇರೆ. ಕ್ಯೂಟಿ ಆ್ಯಪ್‌ಗಳು ಕನ್ನಡ ಟೈಪಿಂಗಿಗೆ ಬಳಸುವ ಎಫ್‌ಸಿಐಟಿಎಕ್ಸ್‌ನ ಪ್ಲಗಿನ್ ಇಲ್ಲದೆ ಬರುವುದುಂಟು. ಗಣಕದಲ್ಲಿರುವ ಪ್ಲಗಿನ್ ಅವಕ್ಕೆ ಕಾಣುವುದಿಲ್ಲ. ಇಮೇಜನ್ನು ಬಿಚ್ಚಿ, ಪ್ಲಗಿನ್ಸ್ ಫೋಲ್ಡರಿನಲ್ಲಿ 'ಪ್ಲಾಟ್‌ಫಾರ್ಮ್‌ಇನ್‌ಪುಟ್‌ಕಾಂಟೆಕ್ಸ್ಟ್ಸ್' ಒಳಗೆ ಏನಿದೆ ನೋಡಿದರೆ ಗೊತ್ತಾಗುತ್ತದೆ.

6. ಆ್ಯಪ್ ಜೊತೆಗೆ ಬಂದರೂ ಸೆಟ್ಟಿಂಗ್ ಬರುವುದಿಲ್ಲ. ಅವು ಎಂದಿನಂತೆ ಬಳಕೆದಾರರ ಹೋಮ್ ಫೋಲ್ಡರಿನಲ್ಲೇ ಕೂರುತ್ತವೆ. ಫೈಲಿನ ಪಕ್ಕದಲ್ಲೇ, ಅದರ ಪೂರ್ತಿ ಹೆಸರಿಗೆ 'ಡಾಟ್ ಹೋಮ್' ಸೇರಿಸಿ ಒಂದು ಫೋಲ್ಡರ್ ಮಾಡಿಟ್ಟರೆ ಸೆಟ್ಟಿಂಗುಗಳೂ ನಿಮ್ಮೊಡನೆ ಬರುತ್ತವೆ.

7. ಒಂದೇ ಫೈಲೆಂದು ಅದಕ್ಕೆ ಬೇಲಿ ಇದೆಯೆಂದುಕೊಳ್ಳಬೇಡಿ. ಸ್ಯಾಂಡ್‌ಬಾಕ್ಸ್ ತಾನಾಗಿ ಇರುವುದಿಲ್ಲ; ನೀವು ಓದಬಲ್ಲ ಫೈಲುಗಳನ್ನೆಲ್ಲ ಅದೂ ಓದಬಲ್ಲದು. ಮೂಲ ತಯಾರಕರಿಂದಲೇ ಇಳಿಸಿಕೊಳ್ಳಿ. ಒಳಗಿನ ಲೈಬ್ರರಿಯಲ್ಲಿ ಲೋಪ ಕಂಡುಬಂದರೆ ಸಿಸ್ಟಮ್ ಅಪ್‌ಡೇಟ್ ಅದನ್ನು ಮುಟ್ಟುವುದಿಲ್ಲ. ಹೊಸ ಫೈಲು ತರುವುದೂ ಹಳೆಯದನ್ನು ಅಳಿಸುವುದೂ ನಮ್ಮದೇ ಕೆಲಸ.