ಹೊಸ ಸ್ಟೋನ್‌ಫ್ಲೈ ‘ಹೊಸದು’ ಆಗುವುದು ಯಾವಾಗ?

ಸ್ಟೋನ್‌ಫ್ಲೈಯನ್ನು ಕಾಣಬೇಕಾದರೆ ತಣ್ಣಗೆ ಹರಿಯುವ ಹಳ್ಳಕ್ಕಿಳಿದು ಒಂದು ಕಲ್ಲನ್ನು ಮಗುಚಿ ನೋಡಬೇಕು. ಕಲ್ಲಿನ ಅಡಿಗೆ ಚಪ್ಪಟೆಯಾಗಿ ಅಂಟಿಕೊಂಡಿದ್ದು, ಬೆಳಕು ಬಿದ್ದೊಡನೆ ಸರ್ರನೆ ಆಚೆ ಬದಿಗೆ ಓಡುವ ಆರು ಕಾಲಿನ ಮರಿ ಸಿಕ್ಕಿದರೆ ಅದರ ಬಾಲದ ಎಳೆಗಳನ್ನು ಎಣಿಸಿ. ಎರಡೇ ಎಳೆಗಳಿದ್ದು, ಪ್ರತಿ ಕಾಲಿನ ತುದಿಯಲ್ಲಿ ಎರಡೆರಡು ಉಗುರುಗಳಿದ್ದರೆ ಅದು ಸ್ಟೋನ್‌ಫ್ಲೈಯ ಮರಿ. ಅದೇ ಕಲ್ಲಿನಡಿ ಮೇಫ್ಲೈ ಮರಿಯೂ ಇರಬಹುದು. ಅದಕ್ಕೆ ಸಾಮಾನ್ಯವಾಗಿ ಮೂರು ಎಳೆ, ಕಾಲಿಗೆ ಒಂದೇ ಉಗುರು, ಹೊಟ್ಟೆಯ ಎರಡೂ ಪಕ್ಕದಲ್ಲಿ ಕಿವಿರು. ಹೊಸಬರು ಮೊದಲು ಎಡವುವುದು ಇಲ್ಲೇ. ಅದಕ್ಕೇ ಪಾಠವನ್ನು ಇಲ್ಲಿಂದ ಶುರು ಮಾಡಿದೆ.

ಮರಿ ನೀರಿನಲ್ಲೇ ಬೆಳೆಯುತ್ತದೆ. ಕೆಲವಕ್ಕೆ ಕೆಲವೇ ತಿಂಗಳು ಸಾಕು, ಕೆಲವಕ್ಕೆ ಮೂರು ವರ್ಷವೂ ಹಿಡಿಯುತ್ತದೆ. ಮತ್ತೆ ಮತ್ತೆ ಪೊರೆ ಬಿಡುತ್ತ, ಕೊನೆಯ ಸಲ ನೀರಿನಿಂದ ಮೇಲೆ ಬಂದು ಪೊರೆ ಕಳಚಿದಾಗ ನಾಲ್ಕು ರೆಕ್ಕೆಗಳ ಕೀಟ ಹೊರಬರುತ್ತದೆ. ಹಾರಾಟದಲ್ಲಿ ಅದು ಅಷ್ಟಕ್ಕಷ್ಟೇ. ಮೇಲೆ ಬದುಕುವುದೂ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಆಮ್ಲಜನಕ ಹೇರಳವಾಗಿರುವ ತಂಪು ನೀರು ಬೇಕಾದ್ದರಿಂದ ಹಳ್ಳಕ್ಕೆ ಕೊಳಚೆ ಸೇರಿದಾಗ ಮೊದಲು ಕಾಣೆಯಾಗುವವರ ಪೈಕಿ ಇದೂ ಒಂದು. ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡಗಳಲ್ಲೂ ಇವೆ. ಈವರೆಗೆ ಹೆಸರು ಪಡೆದ ಪ್ರಭೇದಗಳು 3,500ಕ್ಕೂ ಹೆಚ್ಚು.

ಇನ್ನು ‘ಹೊಸ ಪ್ರಭೇದ ಪತ್ತೆ’ ಎನ್ನುವ ಸುದ್ದಿಯ ವಿಚಾರ. ಹಳ್ಳದಲ್ಲಿ ಕೈಗೆ ಸಿಕ್ಕ ಕ್ಷಣದಲ್ಲಿ ಯಾವ ಕೀಟವೂ ಹೊಸದಲ್ಲ. ಅದರ ಹತ್ತಿರದ ಬಂಧುಗಳನ್ನೆಲ್ಲ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ, ಇದು ಅವುಗಳಲ್ಲಿ ಯಾವುದೂ ಅಲ್ಲ ಎಂದು ಕಾರಣ ಸಮೇತ ಬರೆದಾಗ ಅದು ಹೊಸದಾಗುತ್ತದೆ. ಈ ಕೆಲಸಕ್ಕೆ ಎಷ್ಟೋ ಸಲ ದಶಕಗಳೇ ಹಿಡಿಯುತ್ತವೆ.

ಉತ್ತರ ಅಮೆರಿಕದ ಲೆಡ್ನಿಯಾ ಕುಲದ ಕತೆ ಕೇಳಿ. ಒಂದು ಸೆಂಟಿಮೀಟರ್ ಕೂಡ ಉದ್ದವಿಲ್ಲದ ಈ ಕೀಟಗಳ ಮರಿಗಳು ಹಿಮ ಕರಗಿ ಹರಿಯುವ ತೊರೆಗಳ ಮೂಲದ ಬಳಿಯೇ ಬದುಕುತ್ತವೆ. ಮೊಂಟಾನಾ ರಾಜ್ಯದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ಸಿಕ್ಕ ಪ್ರಭೇದವೊಂದನ್ನು 1952ರಲ್ಲಿ ಕೆನಡಾದ ವಿಲಿಯಂ ರಿಕರ್ ವರ್ಣಿಸಿ, ಟುಮಾನಾ ಎಂದು ಹೆಸರಿಟ್ಟರು. (ಮೀನುಗಾರಿಕೆ ಓದಿದವರಿಗೆ ‘ರಿಕರ್ ವಕ್ರರೇಖೆ’ ಗೊತ್ತಿರುತ್ತದೆ. ಅದೂ ಇವರದೇ.) ಮುಂದೆ ದೂರದ ವಾಷಿಂಗ್ಟನ್, ಕ್ಯಾಲಿಫೋರ್ನಿಯಾಗಳ ಬೆಟ್ಟಗಳಲ್ಲಿ ಸಿಕ್ಕವನ್ನೂ ಟುಮಾನಾ ಎಂದೇ ಬರೆದಿಟ್ಟರು. 2010ರಲ್ಲಿ ಕೀಟತಜ್ಞರಾದ ಬಾಮನ್ ಮತ್ತು ಕೊಂಡ್ರಾಟಿಯೆಫ್ ಆ ಮಾದರಿಗಳನ್ನು ಮತ್ತೆ ಕೂಲಂಕಷವಾಗಿ ನೋಡಿ, ಅವು ಬೇರೆಯೇ ಎರಡು ಪ್ರಭೇದಗಳೆಂದು ತೋರಿಸಿದರು: ಲೆಡ್ನಿಯಾ ಬೊರಿಯಾಲಿಸ್, ಲೆಡ್ನಿಯಾ ಸಿಯೆರಾ. 2012ರಲ್ಲಿ ವಯೋಮಿಂಗ್‌ನ ಟೀಟನ್ ಪರ್ವತಗಳ ವಿಂಡ್ ಕೇವ್ ಎಂಬ ಗವಿಯ ತಣ್ಣೀರಿನ ತೊರೆಯಿಂದ ನಾಲ್ಕನೆಯದು ಬಂತು, ಲೆಡ್ನಿಯಾ ಟೆಟೋನಿಕಾ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಒಂದೇ ಎಂದುಕೊಂಡಿದ್ದ ಕುಲದಲ್ಲಿ ಎರಡೇ ವರ್ಷಕ್ಕೆ ನಾಲ್ಕಾದವು.

ಇದರಿಂದ ಏನಾಯಿತು ಎಂದು ಕೇಳಬಹುದು. ಬಹಳವೇ ಆಯಿತು. ಟುಮಾನಾ ಕ್ಯಾಲಿಫೋರ್ನಿಯಾದವರೆಗೂ ಹರಡಿದೆ ಎಂದು ನಂಬಿದ್ದಾಗ ಅದರ ನೆಲೆ ದೊಡ್ಡದಾಗಿ ಕಾಣುತ್ತಿತ್ತು. ಬೇರೆ ಬೆಟ್ಟಗಳವು ಬೇರೆ ಎಂದು ತಿಳಿದ ಮೇಲೆ ಅದರ ಪಾಲಿಗೆ ಉಳಿದದ್ದು ಕರಗುತ್ತಿರುವ ಹಿಮನದಿಗಳ ಸುತ್ತಲಿನ ಸಣ್ಣ ನೆಲೆ. 2019ರ ನವೆಂಬರಿನಲ್ಲಿ ಅಮೆರಿಕ ಅದನ್ನು ಅಪಾಯದಲ್ಲಿರುವ ಪ್ರಭೇದಗಳ ಕಾಯ್ದೆಯ ಪಟ್ಟಿಗೆ ಸೇರಿಸಿತು.

ಸರಿ, ಮೇಜಿನ ಮೇಲೆ ನೋಡುವುದು ಏನನ್ನು? ಬಣ್ಣವನ್ನಂತೂ ನಂಬುವಂತಿಲ್ಲ, ಆಲ್ಕೋಹಾಲ್‌ನಲ್ಲಿ ಅದು ಮಾಸುತ್ತದೆ. ಮರಿಗಳನ್ನು ಪ್ರಭೇದದ ಮಟ್ಟಕ್ಕೆ ಗುರುತಿಸುವುದು ಬಹಳ ಸಲ ಆಗದ ಮಾತು. ಮುಖ್ಯ ಸಾಕ್ಷಿ ಇರುವುದು ವಯಸ್ಕ ಗಂಡಿನ ಹೊಟ್ಟೆಯ ತುದಿಯಲ್ಲಿ, ಅಲ್ಲಿನ ಜನನಾಂಗದ ಕೊಕ್ಕೆ, ಮುಳ್ಳು, ಮಡಿಕೆಗಳ ಆಕಾರದಲ್ಲಿ. ಆ ತುದಿಯನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸಿ ಮಾಂಸ ಕರಗಿಸಿ, ಉಳಿದ ಗಟ್ಟಿ ಭಾಗಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಮೇಲಿನಿಂದ, ಪಕ್ಕದಿಂದ, ಅಡಿಯಿಂದ ನೋಡಿ ಚಿತ್ರ ಬರೆಯುತ್ತಾರೆ. ಫೋಟೋ ಇರುವಾಗ ಚಿತ್ರವೇಕೆ ಎನ್ನಬೇಡಿ. ಬರೆಯುವ ಕೈ ಪ್ರತಿ ಗೆರೆಗೂ ಕಣ್ಣಿನಿಂದ ಲೆಕ್ಕ ಕೇಳುತ್ತದೆ. ಈ ವಿಷಯದಲ್ಲಿ ನಾನು ಹಳೇ ಕಾಲದವನೇ. ಡಿಎನ್ಎ ಹೋಲಿಕೆಯೂ ಈಗ ಇದೆ, ಮರಿಗೂ ವಯಸ್ಕಕ್ಕೂ ನಂಟು ಹೊಂದಿಸಲು ತುಂಬ ಉಪಯುಕ್ತ. ಆದರೆ ಹೋಲಿಸಲು ಸರಿಯಾಗಿ ಗುರುತಿಸಿದ ಮಾದರಿಯೇ ಇಲ್ಲದಿದ್ದರೆ ಅದರಿಂದ ಹೆಚ್ಚೇನೂ ತಿಳಿಯದು.

ಕೀಟಗಳು ಮಾತ್ರ ತಮ್ಮವರನ್ನು ಇನ್ನೊಂದು ದಾರಿಯಲ್ಲಿ ಗುರುತಿಸುತ್ತವೆ. ಉತ್ತರಾರ್ಧ ಗೋಳದ ಬಹಳಷ್ಟು ಸ್ಟೋನ್‌ಫ್ಲೈಗಳ ಗಂಡು ಹೊಟ್ಟೆಯ ತುದಿಯಿಂದ ಕೊಂಬೆಯನ್ನೋ ಎಲೆಯನ್ನೋ ಬಡಿಯುತ್ತದೆ, ಹೆಣ್ಣು ತಿರುಗಿ ಬಡಿದು ಉತ್ತರ ಕೊಡುತ್ತದೆ. ತಾಳ ಪ್ರಭೇದದಿಂದ ಪ್ರಭೇದಕ್ಕೆ ಬೇರೆ.

ಮತ್ತೆ ಮೇಜಿಗೆ ಬಂದರೆ, ಹೊಸ ಪ್ರಭೇದದ ವರ್ಣನೆಯಲ್ಲಿ ಒಂದೇ ಒಂದು ಕೀಟವನ್ನು ಹೋಲೋಟೈಪ್ ಎಂದು ಗೊತ್ತುಮಾಡುತ್ತಾರೆ. ಹೆಸರು ಅಂಟಿಕೊಳ್ಳುವುದು ಅದಕ್ಕೆ. ನಾಳೆ ತಕರಾರು ಬಂದರೆ ಎಲ್ಲರೂ ಹೋಗಿ ನೋಡುವುದು ಅದನ್ನೇ. ಹಾಗಾಗಿ ಅದು ಸಾರ್ವಜನಿಕ ಸಂಗ್ರಹದಲ್ಲಿ ಇರಬೇಕು. ಹೆಸರಿಗೆ ಅಂತರರಾಷ್ಟ್ರೀಯ ಪ್ರಾಣಿನಾಮಕರಣ ಸಂಹಿತೆಯ ನಿಯಮಗಳಿವೆ. ಪ್ರಾಣಿಗಳ ಹೆಸರಿನ ಲೆಕ್ಕ 1758ರಿಂದ, ಲಿನೇಯಸ್‌ನ ಪುಸ್ತಕದ ಹತ್ತನೆಯ ಆವೃತ್ತಿಯಿಂದ ಶುರು. ಓದುವಾಗ ಒಂದು ಸಣ್ಣ ಗುರುತು ಗಮನಿಸಿ: ಟುಮಾನಾದ ಮುಂದೆ ವರ್ಣಿಸಿದವರ ಹೆಸರನ್ನು (ರಿಕರ್, 1952) ಎಂದು ಕಂಸದೊಳಗೆ ಬರೆಯುತ್ತಾರೆ, ಟೆಟೋನಿಕಾದ ಮುಂದೆ ಬಾಮನ್ ಮತ್ತು ಕಾಲ್, 2012 ಎಂದು ಕಂಸವಿಲ್ಲದೆ. ಕಂಸವಿದ್ದರೆ, ಮೊದಲು ಬೇರೆ ಕುಲದಲ್ಲಿಟ್ಟು ಹೆಸರಿಸಿದ್ದರು, ಆಮೇಲೆ ಕುಲ ಬದಲಾಯಿತು ಎಂದರ್ಥ. ರಿಕರ್ ಅದನ್ನು ನೆಮೌರಾ ಕುಲದಲ್ಲಿ ಇಟ್ಟಿದ್ದರು.

ನಮ್ಮ ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಇರುವವು ಹೆಚ್ಚಾಗಿ ನಿಯೋಪರ್ಲಾ ಕುಲದವು. ರಾತ್ರಿ ದೀಪಕ್ಕೆ ಬರುತ್ತವೆ, ಹಾಗಾಗಿ ಹಿಡಿಯುವುದು ಸುಲಭ. ಹೆಸರು ಹಿಡಿಯುವುದೇ ಕಷ್ಟ. ಗಂಡಿನಲ್ಲಿ ನೋಡಬೇಕಾದ ಅಂಗ ಹೊಟ್ಟೆಯೊಳಗೆ ಸೇರಿಕೊಂಡಿರುತ್ತದೆ, ಜೋಪಾನವಾಗಿ ಹೊರಗೆ ತಂದು ಮುಳ್ಳುಗಳ ಸಾಲು ನೋಡಬೇಕು. ಹೆಣ್ಣಿನಲ್ಲಿ ಮೊಟ್ಟೆಯ ಚಿಪ್ಪಿನ ಗೆರೆಗಳನ್ನು ನೋಡಬೇಕು. ಹಿಂದಿನವರು ಎಷ್ಟೋ ನಿಯೋಪರ್ಲಾಗಳನ್ನು ಇವೆರಡನ್ನೂ ನೋಡದೆ, ಒಣಗಿದ ಮಾದರಿಯಿಂದ ಕೆಲವೇ ಸಾಲುಗಳಲ್ಲಿ ವರ್ಣಿಸಿ ಮುಗಿಸಿದ್ದಾರೆ. ಆದ್ದರಿಂದ ಇಲ್ಲಿ ಹೊಸದೊಂದನ್ನು ಘೋಷಿಸುವ ಮೊದಲು ಹಳೆಯ ಹೆಸರುಗಳ ಸಿಕ್ಕು ಬಿಡಿಸಬೇಕು. ಆ ಕೆಲಸಕ್ಕೆ ಸುದ್ದಿಯಲ್ಲಿ ಜಾಗ ಸಿಗುವುದಿಲ್ಲ, ಆದರೂ ನನ್ನ ಮಟ್ಟಿಗೆ ಅದೇ ದೊಡ್ಡದು. ಜೊತೆಗೆ, 2002ರ ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರ ಭಾರತದಲ್ಲಿ ಸಿಕ್ಕ ಹೊಸ ಪ್ರಭೇದದ ಮಾದರಿಯನ್ನು ಸರ್ಕಾರ ಗೊತ್ತುಪಡಿಸಿದ ಭಂಡಾರದಲ್ಲಿ ಇಡಲೇಬೇಕು. 1916ರಲ್ಲಿ ಶುರುವಾದ, ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಅಂಥದೊಂದು.

ನೀವು ಹಳ್ಳಕ್ಕಿಳಿಯುವುದಾದರೆ ಇಷ್ಟು ಮಾಡಿ. ಕಾಡಿನಲ್ಲಿ ಸಂಗ್ರಹಿಸುವ ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಮಗುಚಿದ ಕಲ್ಲನ್ನು ಮೊದಲಿದ್ದಂತೆಯೇ ಇಡಿ. ಸಿಕ್ಕಿದ್ದನ್ನು ಆಲ್ಕೋಹಾಲ್‌ನಲ್ಲಿ ಹಾಕಿ, ಜಾಗ, ಎತ್ತರ, ತಾರೀಕು, ಹಿಡಿದವರ ಹೆಸರು ಇವನ್ನು ಪೆನ್ಸಿಲ್‌ನಲ್ಲಿ ಬರೆದ ಚೀಟಿಯನ್ನು ಶೀಶೆಯ ಒಳಗೇ ಹಾಕಿ. ಪೆನ್ನಿನ ಶಾಯಿ ಆಲ್ಕೋಹಾಲ್‌ನಲ್ಲಿ ಕರಗಿಹೋಗುತ್ತದೆ.