ಮಗ್ಗದ ಶೆಡ್ಡಿನ ವೋಲ್ಟೇಜ್ ಅಳೆಯೋದು ಹೇಗೆ?

ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ಸದ್ದು ಈ ಕಡೆಯವರಿಗೆ ಹೊಸದಲ್ಲ. ವೋಲ್ಟೇಜ್ ಇಳಿದ್ರೆ ಮಗ್ಗದ ಮೋಟಾರ್ ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತೆ. ತ್ರೀ ಫೇಸ್ ಲೈನಿನಲ್ಲಿ ನ್ಯೂಟ್ರಲ್ ಕಡಿದ್ರೆ, ಲೋಡ್ ಕಮ್ಮಿ ಇರೋ ಫೇಸಿಗೆ 230ರ ಬದಲು 400 ವೋಲ್ಟಿನ ಹತ್ತಿರ ಬರಬಹುದು. ಅಂಥ ಶೆಡ್ಡಿನ ವೋಲ್ಟೇಜನ್ನು ಅರ್ಡುಯಿನೋದಲ್ಲಿ ದಾಖಲಿಸೋದು ಒಳ್ಳೇ ಪ್ರಾಜೆಕ್ಟೇ. ಆದ್ರೆ ಹೇಗೆ ಅನ್ನೋದ್ರಲ್ಲೇ ಇದೆ ವಿಷಯ.

230 ವೋಲ್ಟ್ ಅನ್ನೋದು ಆರ್‌ಎಂಎಸ್. ಅಲೆಯ ತುದಿ ಸುಮಾರು 325. ಎರಡು ರೆಸಿಸ್ಟರ್ ಹಾಕಿ ಅದನ್ನ 5 ವೋಲ್ಟಿನೊಳಗೆ ಇಳಿಸಬಹುದು, ಲೆಕ್ಕವೂ ಸರಿಯಾಗೇ ಬರುತ್ತೆ. ತೊಂದರೆ ಏನಂದ್ರೆ, ಆಗ ಅರ್ಡುಯಿನೋದ ಗ್ರೌಂಡ್ ನೇರವಾಗಿ ಮೇನ್ಸ್ ತಂತಿಗೆ ಸೇರಿರುತ್ತೆ. "ನ್ಯೂಟ್ರಲ್‌ಗೆ ಸೇರಿಸಿದ್ರೆ ಸೊನ್ನೆ ತಾನೇ?" ಅಂತ ಕೇಳಬಹುದು. ಟು ಪಿನ್ ಪ್ಲಗ್ಗನ್ನ ತಿರುಗಿಸಿ ಹಾಕಿದ್ರೆ ಅದೇ ಫೇಸ್. ಹಳೇ ಸಾಕೆಟ್ಟಿನಲ್ಲಿ ತಂತಿ ಅದಲುಬದಲಾಗಿದ್ರೂ ಅಷ್ಟೇ. ಆಮೇಲೆ ಯುಎಸ್‌ಬಿ ಕೇಬಲ್, ಲ್ಯಾಪ್‌ಟಾಪ್, ನಿಮ್ಮ ಕೈ, ಎಲ್ಲಾ ಫೇಸಿನ ಮೇಲೆ. ಪರದೆ ಮೇಲೆ ಮಾತ್ರ ಆಗಲೂ 230 ಅಂತಲೇ ಇರುತ್ತೆ!

ಅದಕ್ಕೇ ಎರಡು ಬೇರೆ ಸುರುಳಿಗಳ ಟ್ರಾನ್ಸ್‌ಫಾರ್ಮರ್ ಬೇಕು. ಮಧ್ಯೆ ತಂತಿಯ ಸಂಬಂಧವಿಲ್ಲ, ಕಾಂತಕ್ಷೇತ್ರದ್ದು ಮಾತ್ರ. ಝಡ್‌ಎಂಪಿಟಿ101ಬಿ ಮಾಡ್ಯೂಲ್ ಮಾಡೋದೂ ಇದನ್ನೇ. ನಮಗೆ 230/9 ವೋಲ್ಟಿನ ಸಣ್ಣ ಟ್ರಾನ್ಸ್‌ಫಾರ್ಮರ್ ಇಷ್ಟ, ಒಳಗೇನಾಗ್ತಿದೆ ಅಂತ ಕಾಣುತ್ತೆ. ಲೋಡ್ ಇಲ್ಲದಾಗ ಅದು 11 ವೋಲ್ಟಿನಷ್ಟು ಕೊಡಬಹುದು, ತುದಿ ಸುಮಾರು 15.6. ಎರಡು 10 ಕಿಲೋಓಮ್ ರೆಸಿಸ್ಟರ್‌ಗಳಿಂದ 5 ವೋಲ್ಟನ್ನ ಅರ್ಧ ಮಾಡಿ, 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಸೆಕೆಂಡರಿಯ ಒಂದು ತುದಿ ಈ 2.5 ವೋಲ್ಟಿನ ಬಿಂದುವಿಗೆ. ಇನ್ನೊಂದು ತುದಿ 100 ಕಿಲೋಓಮ್ ಮೂಲಕ ಎ0 ಪಿನ್ನಿಗೆ, ಎ0ಯಿಂದ 2.5ರ ಬಿಂದುವಿಗೆ 10 ಕಿಲೋಓಮ್. ವೋಲ್ಟೇಜ್ 11ನೇ ಒಂದು ಭಾಗಕ್ಕಿಳಿದು, ಪಿನ್ನಿನಲ್ಲಿ ಸುಮಾರು 1.1ರಿಂದ 3.9ರವರೆಗೆ ಓಡಾಡುತ್ತೆ. ಏರಿಳಿತಕ್ಕೂ ಜಾಗ ಉಳೀತು.

ಕೋಡ್ ಕಷ್ಟವಿಲ್ಲ. 50 ಹರ್ಟ್ಸಿನ ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಹತ್ತು ಸುತ್ತು ಓದಿ, ಸರಾಸರಿ ಕಳೆದು, ವರ್ಗ ಮಾಡಿ, ಆ ವರ್ಗಗಳ ಸರಾಸರಿಯ ವರ್ಗಮೂಲ ತೆಗೀರಿ. ಒಳ್ಳೇ ಮಲ್ಟಿಮೀಟರಿನ ಜೊತೆ ಹೋಲಿಸಿ ಗುಣಕ ಹೊಂದಿಸಿ.

ಪ್ರೈಮರಿ ಕಡೆ ಫ್ಯೂಸ್ ಬಿಡಬೇಡಿ. 400 ವೋಲ್ಟ್ ಬಂದ್ರೆ ಆ ಪುಟ್ಟ ಕೋರ್ ಸ್ಯಾಚುರೇಟ್ ಆಗಿ ಸುಡುತ್ತೆ. ಡಾಟ್ ಬೋರ್ಡಿನ ತೂತುಗಳ ನಡುವೆ ಇರೋದು 2.54 ಮಿ.ಮೀ. ಅಷ್ಟೇ, ಮೇನ್ಸನ್ನ ಅದರ ಮೇಲೆ ತರಲೇಬೇಡಿ. "ಶೆಡ್ಡಿನಲ್ಲಿ ಸ್ಟೆಬಿಲೈಜರ್ ಇದೆ, ಐಸೊಲೇಷನ್ ಆಯ್ತಲ್ಲ" ಅನ್ನೋರೂ ಇದ್ದಾರೆ. ಸಾಮಾನ್ಯ ಸ್ಟೆಬಿಲೈಜರಿನಲ್ಲಿ ಇರೋದು ಆಟೋಟ್ರಾನ್ಸ್‌ಫಾರ್ಮರ್. ಸುರುಳಿ ಒಂದೇ, ಐಸೊಲೇಷನ್ ಇಲ್ಲ. ಲ್ಯಾಬಿನ ವೇರಿಯಾಕ್ ಕೂಡ ಹಾಗೇ. ಆಸಿಲೋಸ್ಕೋಪಿನ ಗ್ರೌಂಡ್ ಕ್ಲಿಪ್ ಅರ್ಥಿಂಗಿಗೆ ಸೇರಿರುತ್ತೆ, ಅದನ್ನ ಸೆಕೆಂಡರಿ ಕಡೆಗಷ್ಟೇ ಹಾಕಿ.

ಟ್ರಾನ್ಸ್‌ಫಾರ್ಮರನ್ನ ಯಾವುದಕ್ಕೂ ಜೋಡಿಸೋ ಮೊದಲು ಎಲೆಕ್ಟ್ರಿಕಲ್ ಲ್ಯಾಬಿಗೆ ಒಯ್ದು, ಪ್ರೈಮರಿ–ಸೆಕೆಂಡರಿ ನಡುವೆ 500 ವೋಲ್ಟಿನ ಮೆಗ್ಗರ್ ಹಿಡಿಸಿ. ಮುಳ್ಳು ಅನಂತದ ಕಡೆ ಹೋಗದಿದ್ರೆ ಆ ಟ್ರಾನ್ಸ್‌ಫಾರ್ಮರ್ ಬೇಡ.