ಟೀಬೋನ ನದೀಚಿತ್ರಗಳು

ಅಮೆರಿಕದ ಚಿತ್ರಕಾರ ವೇಯ್ನ್ ಟೀಬೋ (1920–2021) ಹೆಸರಾದುದು ಕೇಕು-ಮಿಠಾಯಿಗಳ ಚಿತ್ರಗಳಿಂದ. ನನಗೆ ಮೆಚ್ಚಿಕೆಯಾದುವು ಮಾತ್ರ 1990ರ ದಶಕದಲ್ಲಿ ಆತನು ಬರೆಯತೊಡಗಿದ, ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊ ನದಿಯ ಮುಖಜಭೂಮಿಯ ಚಿತ್ರಗಳು. 1997ರ 'ಫ್ಲಾಟ್‌ಲ್ಯಾಂಡ್ ರಿವರ್' ಅವುಗಳಲ್ಲೊಂದು.

ಇವುಗಳ ಮುಂದೆ ನಿಂತವನು ಮೊದಲು ದಿಗಂತವನ್ನು ಅರಸುತ್ತಾನೆ. ಅದು ಚೌಕಟ್ಟಿನ ತುದಿಗೆ ಸರಿದಿರುತ್ತದೆ, ಇಲ್ಲವೆ ಇರುವುದೇ ಇಲ್ಲ. ಒಂದು ಹೊಲವನ್ನು ಹದ್ದಿನಂತೆ ಮೇಲಿನಿಂದ ಕಂಡರೆ, ಪಕ್ಕದ ಮರದ ಸಾಲನ್ನು ಬದುವಿನ ಮೇಲೆ ನಿಂತು ಕಂಡಂತಿರುತ್ತದೆ. ಋತುಗಳ ಬಣ್ಣವೂ ಬೆರೆತಿದೆ. ನೆರಳೋ, ಕಪ್ಪಲ್ಲ, ನೀಲಿ! ಇದೆಲ್ಲ ದೋಷವೆಂದು ಮಿತ್ರರೊಬ್ಬರು ವಾದಿಸಿದರು. ನಾನು ಒಪ್ಪಲಾರೆ. ನಮ್ಮ ತಂದೆಯವರಿಗೆ ಅಕ್ಷರ ಬಾರದು. ಆದರೂ ನಮ್ಮ ಎರಡೆಕರೆಯನ್ನು ಅವರು ಬಲ್ಲುದು ಹೀಗೆಯೇ—ತಗ್ಗು, ದಿಬ್ಬ, ಬಿತ್ತನೆ, ಸುಗ್ಗಿ ಎಲ್ಲವೂ ಏಕಕಾಲಕ್ಕೆ. ಒಂದೆಡೆ ನಿಂತು ನೋಡುವವನು ದಾರಿಹೋಕನಷ್ಟೆ.

ಆದರೆ ಉತ್ತ ಸಾಲುಗಳಿದ್ದಷ್ಟು ಇಲ್ಲಿ ಉಳುವವನಿಲ್ಲ. ಈ ಕೊರತೆಯನ್ನು ಹೇಳಲೇಬೇಕು. ಆ ನಾಡಿನ ಅನೇಕ ಹೊಲಗಳು ಸಮುದ್ರಮಟ್ಟಕ್ಕಿಂತ ಕೆಳಗಿವೆ. ನದಿಯನ್ನು ತಡೆದು ನಿಲ್ಲಿಸಿರುವುದು ಏರಿಗಳು. 19ನೆಯ ಶತಮಾನದಲ್ಲಿ ಅವುಗಳಿಗೆ ಮಣ್ಣು ಹೊತ್ತವರಲ್ಲಿ ಚೀನಾದ ಕೂಲಿಗಳು ಬಹಳ ಮಂದಿ. ಚಿತ್ರದಲ್ಲಿ ಅವರ ದುಡಿಮೆ ನದಿಯ ಬಾಗಿದ ಅಂಚಾಗಿ ಮಾತ್ರ ಉಳಿದಿದೆ.